ಅಟ್ಟದ ಮೇಲಿನ ಗಿಟಾರು

ಬೆಳಕೆ, ಹೊನ್ನಾವರ, ಕುಮಟಾ ಕಡೆಯ ಕೆಲವು ಮನೆಗಳ ಅಟ್ಟದಲ್ಲಿ ಅಜ್ಜ ನುಡಿಸಿದ ಗಿಟಾರು ಇದ್ದೀತು. ಅದನ್ನು ಗುಜರಿಗೆ ಕೊಡುವ ಮುನ್ನ ತುಸು ಯೋಚಿಸುವುದೊಳಿತು.

ಅಮೆರಿಕದ ನಜರೆತ್ ಪಟ್ಟಣದ ಮಾರ್ಟಿನ್ ಸಂಸ್ಥೆಯು 1933ರಿಂದ 1942ರವರೆಗೆ ತಯಾರಿಸಿದ ‘ಡಿ-45’ ಗಿಟಾರುಗಳು ಕೇವಲ 91. ಅವುಗಳ ನಾದಮಾಧುರ್ಯ ಲೋಕಪ್ರಸಿದ್ಧ. ಎದೆಹಲಗೆ ತೆಳುವಾದ ಸ್ಪ್ರೂಸ್ ಮರದ್ದು. ಒಳಗಿನ ಆಧಾರಪಟ್ಟಿಗಳನ್ನೂ ಕೆತ್ತಿ ಹಗುರಗೊಳಿಸಲಾಗಿತ್ತು. ದಶಕಗಳು ಉರುಳಿದಂತೆ ಆ ಮರ ಇನ್ನಷ್ಟು ಒಣಗಿ, ತಂತಿಯ ಮಿಡಿತಕ್ಕೆ ಸುಲಭವಾಗಿ ಕಂಪಿಸುತ್ತದೆ.

ಬೆನ್ನಿಗೆ ಬಳಸಿದ್ದು ಬ್ರೆಜಿಲ್ ದೇಶದ ಬೀಟೆ. ಅದು ದುರ್ಲಭವಾಗಲು, 1969ರಲ್ಲಿ ಸಂಸ್ಥೆಯು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಭಾರತದ ಬೀಟೆಗೆ ಹೊರಳಿತು. ನಾದ ಕುಗ್ಗಿತೆಂದು ಹಲವರು ಮರುಗಿದರು. ಆದರೆ 2018ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಬೆನ್ನು-ಪಕ್ಕೆಗಳ ಮರ ಮಾತ್ರ ಬೇರೆಯಾದ 6 ಗಿಟಾರುಗಳನ್ನು ಮರದ ಗುರುತು ಸಿಗದಂತೆ ನುಡಿಸಿದ 52 ವಾದಕರು ಅವುಗಳಿಗೆ ಹೆಚ್ಚುಕಡಿಮೆ ಸಮಾನ ಅಂಕವನ್ನೇ ನೀಡಿದರು. ದ್ರವ್ಯವೊಂದೇ ಸಾಲದು, ರೂಪವೂ ಬೇಕೆಂಬ ಅರಿಸ್ಟಾಟಲನ ವಿಚಾರ ಇಲ್ಲಿ ನೆನಪಾಗುತ್ತದೆ.

ವಯಸ್ಸೊಂದರಿಂದಲೇ ನಾದ ಹುಟ್ಟದು, ಆರೈಕೆಯೂ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ಅಂಟು ಬಿಡುತ್ತದೆ. ಆದುದರಿಂದ ಆ ಗಿಟಾರನ್ನು ಅಟ್ಟದಿಂದಿಳಿಸಿ, ನುರಿತವರಿಂದ ದುರಸ್ತಿ ಮಾಡಿಸಿ, ಗಾಯನವೃಂದದ ಮಕ್ಕಳ ಕೈಗಿಡಿ.