ಬಂಗಾಳ ಕೊಲ್ಲಿಯ ಬಿಸಿ, ಕಬಿನಿಯ ನೀರು

ಹುಣಸೂರು, ಪಿರಿಯಾಪಟ್ಟಣದ ಕಡೆ ಮೇ ತಿಂಗಳ ಮಳೆ ಬಿದ್ದರೆ ಹೊಗೆಸೊಪ್ಪಿನ ಸಸಿ ಮಡಿಯಿಂದ ಹೊಲಕ್ಕೆ ಹೋಗುತ್ತದೆ. ಕೃಷ್ಣರಾಜನಗರದ ಗದ್ದೆಗಳಿಗೆ ಕೊಡಗಿನ ಮಳೆ ಕಾವೇರಿಯಾಗಿ ಹರಿದು ಬರಬೇಕು. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿ ತುಂಬಬೇಕಾದರೆ ವಯನಾಡಿನಲ್ಲಿ ಸುರಿಯಬೇಕು. ಈ ನಾಲ್ಕೂ ತಾಲ್ಲೂಕುಗಳಿಗೆ ಕಡಲ ತೀರವಿಲ್ಲ. ಆದರೂ ಇಲ್ಲಿನ ಬೆಳೆಯ ಭವಿಷ್ಯ ದೊಡ್ಡ ಪಾಲು ಹಿಂದೂ ಮಹಾಸಾಗರದಲ್ಲೇ ತೀರ್ಮಾನವಾಗುತ್ತದೆ. ಆ ತೀರ್ಮಾನ ಹೇಗಾಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಜೀವಮಾನವಿಡೀ ಹುಡುಕಿದವರು ಸುಲೋಚನಾ ಗಾಡ್ಗೀಳ್.

1944ರಲ್ಲಿ ಪುಣೆಯಲ್ಲಿ ಹುಟ್ಟಿದ ಅವರು ಮೊದಲು ಓದಿದ್ದು ಗಣಿತ. ಹಾರ್ವರ್ಡ್‌ನಲ್ಲಿ ಅಟ್ಲಾಂಟಿಕ್‌ನ ಗಲ್ಫ್ ಪ್ರವಾಹ ಬಳುಕುತ್ತ ಹರಿಯುವ ಬಗೆಯನ್ನು ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲೇ ಉಳಿಯಬಹುದಿತ್ತು, 1971ರಲ್ಲಿ ಭಾರತಕ್ಕೆ ಮರಳಿ, 1973ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಕಡಲು ಅಷ್ಟು ಕಾಯುವುದಿಲ್ಲ, ಆದ್ದರಿಂದ ಕಡಲ ಗಾಳಿ ಒಳಕ್ಕೆ ನುಗ್ಗಿ ಮಳೆ ತರುತ್ತದೆ: ಶಾಲೆಯಲ್ಲಿ ನಾವೆಲ್ಲ ಕಲಿತ ವಿವರಣೆ ಇದು. 1686ರಲ್ಲಿ ಎಡ್ಮಂಡ್ ಹ್ಯಾಲಿ ಹೇಳಿದ್ದು. ಗಾಡ್ಗೀಳ್ ಇದನ್ನು ಒಪ್ಪಲಿಲ್ಲ. ನೆಲದ ಕಾವೇ ಕಾರಣವಾಗಿದ್ದರೆ ಹೆಚ್ಚು ಸುಡುವ ಬರಗಾಲದ ವರ್ಷಗಳಲ್ಲಿ ಹೆಚ್ಚು ಮಳೆಯಾಗಬೇಕಿತ್ತಲ್ಲ? ಆಗುವುದು ಅದರ ತಿರುವುಮುರುವು. 1980ರಲ್ಲಿ ಅವರು ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಅವರೊಂದಿಗೆ ಉಪಗ್ರಹ ಚಿತ್ರಗಳನ್ನು ದಿನದಿನಕ್ಕೂ ಪರಿಶೀಲಿಸಿ ತೋರಿಸಿದ್ದು ಇಷ್ಟು: ಸಮಭಾಜಕದ ಹತ್ತಿರ ಕಡಲ ಮೇಲೆ ಮೋಡದ ಪಟ್ಟಿಯೊಂದು ಕಟ್ಟಿಕೊಳ್ಳುತ್ತದೆ, ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ನೆಲವನ್ನು ಮುಟ್ಟುತ್ತದೆ, ಅಲ್ಲಿ ಬಡವಾಗುತ್ತಿರುವ ಮುಂಗಾರಿಗೆ ಮತ್ತೆ ಜೀವ ತುಂಬುತ್ತದೆ. ಜುಲೈ ತಿಂಗಳಲ್ಲಿ ಮಳೆ ಕೈಕೊಟ್ಟು, ರಾಗಿ ಹೊಲ ಬಾಡುವ ಹೊತ್ತಿಗೆ ಮತ್ತೆ ಹಿಡಿದುಕೊಳ್ಳುವುದರ ಹಿಂದಿನ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ನಾಲ್ಕು ವರ್ಷಗಳ ಬಳಿಕ ಇನ್ನೊಂದು ಕಂಡುಬಂತು. ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಎತ್ತರದ ಮಳೆಮೋಡಗಳು ಏಳುವುದು ಅಪರೂಪ. ಹಾಗೆಂದು ಕಡಲು ಬೆಚ್ಚಗಿದ್ದ ಮಾತ್ರಕ್ಕೆ ಮೋಡ ಏಳಲೇಬೇಕೆಂದೂ ಇಲ್ಲ. ಬೆಂಕಿ ಉರಿಸಲು ಒಣ ಸೌದೆ ಬೇಕು, ಸೌದೆ ಇದ್ದರಷ್ಟೇ ಸಾಲದು. 1999ರ ಜುಲೈ–ಆಗಸ್ಟ್‌ನಲ್ಲಿ ‘ಸಾಗರ ಕನ್ಯಾ’ ಮತ್ತು ‘ಸಾಗರಧ್ವನಿ’ ಹಡಗುಗಳು ಬಂಗಾಳ ಕೊಲ್ಲಿಯಲ್ಲಿ ನಿಂತು ನೀರಿನ ಬಿಸಿ, ಉಪ್ಪು, ಗಾಳಿಗಳನ್ನು ಅಳೆದದ್ದು ಇಂಥ ಪ್ರಶ್ನೆಗಳನ್ನೇ ಬೆನ್ನಟ್ಟಿ.

ಪೆಸಿಫಿಕ್ ಸಾಗರ ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಎಂದ ಕೂಡಲೇ ನಮ್ಮಲ್ಲಿ ಬರದ ಭಯ ಹಬ್ಬುತ್ತದೆ. ಆದರೆ 1997ರಲ್ಲಿ ಪೆಸಿಫಿಕ್ ಸಾಗರದಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಇದ್ದರೂ ದೇಶದಲ್ಲಿ ಮುಂಗಾರು ಸರಾಸರಿಯಷ್ಟು ಸುರಿಯಿತು. 2002ರ ಎಲ್ ನಿನೊ ಅಷ್ಟು ಜೋರಿನದಲ್ಲ, ಆದರೂ ಆ ಜುಲೈನಲ್ಲಿ ದೇಶದ ಮಳೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಕಾವೇರಿ ಕಣಿವೆಯಲ್ಲಿ ನೀರಿನ ಜಗಳ ಭುಗಿಲೆದ್ದಿತು. ಗಾಡ್ಗೀಳ್ ಮತ್ತು ಸಂಗಡಿಗರು ಉತ್ತರವನ್ನು ಹಿಂದೂ ಮಹಾಸಾಗರದಲ್ಲೇ ಹುಡುಕಿದರು. ಸಮಭಾಜಕದ ಉದ್ದಕ್ಕೂ ಆಫ್ರಿಕದ ಕಡೆ ಮೋಡ ಹೆಚ್ಚಿ ಸುಮಾತ್ರದ ಕಡೆ ಕಡಿಮೆಯಾದರೆ ನಮಗೆ ಒಳ್ಳೆಯದು, ಅದಲುಬದಲಾದರೆ ಕಷ್ಟ. 1997ರಲ್ಲಿ ಈ ತೂಗಾಟ ನಮ್ಮ ಪರವಾಗಿತ್ತು, 2002ರಲ್ಲಿ ವಿರುದ್ಧವಾಗಿತ್ತು. ಪೆಸಿಫಿಕ್ಕನ್ನಷ್ಟೇ ನೋಡಿ ಮಳೆಯ ಭವಿಷ್ಯ ಹೇಳುವವರು ಇದನ್ನು ಮರೆಯಬಾರದು.

ನನಗೆ ಅವರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪಾವಗಡದ ಕೆಲಸ. ಅಲ್ಲಿನ ಮಳೆಯಾಶ್ರಿತ ಕಡಲೆಕಾಯಿ ಬೆಳೆಗಾರರ ಜೊತೆ ಕೂತು, ದಶಕಗಳ ಮಳೆ ದಾಖಲೆಯನ್ನು ಬೆಳೆಯ ಗಣಿತ ಮಾದರಿಗೆ ಉಣಿಸಿ, ಯಾವಾಗ ಬಿತ್ತಿದರೆ ನಷ್ಟದ ಅಪಾಯ ಕಡಿಮೆ ಎಂದು ಲೆಕ್ಕ ಹಾಕಿದರು. 2006ರಲ್ಲಿ ಮಗ ಸಿದ್ಧಾರ್ಥ ಅವರೊಂದಿಗೆ ಬರೆದ ಪ್ರಬಂಧದಲ್ಲಿ, ತೀವ್ರ ಬರ ದೇಶದ ಒಟ್ಟು ಉತ್ಪನ್ನದಲ್ಲಿ ಶೇ 2ರಿಂದ 5ರಷ್ಟನ್ನು ನುಂಗುತ್ತದೆ ಎಂದು ತೋರಿಸಿದರು. ಒಳ್ಳೆಯ ಮಳೆಯ ವರ್ಷ ಅಷ್ಟೇ ಲಾಭ ತರುವುದಿಲ್ಲ. ಮಳೆ ನಂಬಿದ ರೈತ ಗೊಬ್ಬರ, ಔಷಧಿಗೆ ದುಡ್ಡು ಸುರಿಯಲು ಹಿಂಜರಿಯುವುದು ಇದಕ್ಕೆ ಒಂದು ಕಾರಣ ಎಂದರು. ಪಾವಗಡದಲ್ಲಿ ನಡೆದಂಥ ಲೆಕ್ಕ ಹುಣಸೂರಿನ ಹೊಗೆಸೊಪ್ಪಿಗೂ, ಹೆಗ್ಗಡದೇವನಕೋಟೆಯ ರಾಗಿ, ಹತ್ತಿಗೂ ಹೋಬಳಿವಾರು ಆಗಬೇಕು.

2025ರ ಜುಲೈನಲ್ಲಿ ಗಾಡ್ಗೀಳ್ ತೀರಿಕೊಂಡರು. ಇವತ್ತು ಸಾಗರ ವಿಜ್ಞಾನಿಯ ಕೆಲಸದಲ್ಲಿ ಹಡಗಿಗಿಂತ ಕಂಪ್ಯೂಟರ್ ಮುಂದೆ ಕಳೆಯುವ ಹೊತ್ತೇ ಹೆಚ್ಚು. ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಅವು 2,000 ಮೀಟರ್ ಆಳದವರೆಗೆ ಇಳಿದು, ಹತ್ತು ದಿನಕ್ಕೊಮ್ಮೆ ಮೇಲೆದ್ದು ನೀರಿನ ಬಿಸಿ ಮತ್ತು ಉಪ್ಪಿನ ಲೆಕ್ಕವನ್ನು ಉಪಗ್ರಹಕ್ಕೆ ಕಳಿಸುತ್ತವೆ. ಆ ಅಂಕಿಗಳನ್ನು ಓದುವವರು ಬೇಕು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಬೆಂಗಳೂರಿನ ಕೇಂದ್ರ ಇವೆಲ್ಲ ಈ ಕೆಲಸದಲ್ಲಿವೆ. ಇದಕ್ಕೆ ಕರಾವಳಿಯಲ್ಲಿ ಹುಟ್ಟಿರಬೇಕಿಲ್ಲ, ಈಜು ಬರಬೇಕಾಗಿಯೂ ಇಲ್ಲ. ಗಣಿತ, ಭೌತಶಾಸ್ತ್ರ ಗಟ್ಟಿಯಾಗಿರಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆಯ ಕಾಲೇಜುಗಳಲ್ಲಿ ಈ ವಿಷಯ ಓದುತ್ತಿರುವ ಮಕ್ಕಳಿಗೆ ಅವರ ಮೇಷ್ಟ್ರುಗಳು ಈ ದಾರಿಯನ್ನು ದಯವಿಟ್ಟು ಹೇಳಿಕೊಡಬೇಕು.