ಅಂಗಡಿಗೆ ಬಾಗಿಲು ಹಾಕಿದ ಮೇಲೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗಂಗೊಳ್ಳಿ ಬಂದರು ಸುಮ್ಮನಾದರೆ ಐಸ್ ಪ್ಲಾಂಟಿನವರಿಗೆ ಕೆಲಸವಿಲ್ಲ, ಬಲೆ ಅಂಗಡಿಗೆ ಗಿರಾಕಿಯಿಲ್ಲ, ಮೀನೂಟದ ಹೋಟೆಲಿನಲ್ಲಿ ಅರ್ಧ ಮೇಜು ಖಾಲಿ. ಅದರ ಬೆನ್ನಿಗೇ ಆಸಾಡಿ. ಮದುವೆ-ಮುಂಜಿ ಇಲ್ಲದ ತಿಂಗಳಲ್ಲಿ ಟೈಲರಿಗೂ ಶಾಮಿಯಾನದವರಿಗೂ ಬಳೆ ಅಂಗಡಿಗೂ ವ್ಯಾಪಾರ ಡಲ್. ಕುಂದಾಪುರದಲ್ಲಿ ಇಂಥ ಚಿಕ್ಕಪುಟ್ಟ ವ್ಯವಹಾರಗಳ ಲೆಕ್ಕ ಬರೆದು, ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿಕೊಡುವುದು ನನ್ನ ಕೆಲಸ. ಯಾರಾದರೂ ವಯಸ್ಸಾದ ಮೇಲಿನ ಕಾಲಕ್ಕೆ ಉಳಿತಾಯ ಮಾಡಬೇಕು ಅಂದಾಗಲೆಲ್ಲ ನಾನು ಲೆಕ್ಕ ಶುರು ಮಾಡುವುದು ಈ ಎರಡು ತಿಂಗಳಿಂದ.

ಸಂಬಳದವರಿಗೆ ಭವಿಷ್ಯನಿಧಿ ಇದೆ. ಸಂಬಳ ಕೈಗೆ ಬರುವ ಮೊದಲೇ ಮೂಲವೇತನದ ಶೇ. 12 ಕಡಿತವಾಗುತ್ತದೆ, ಮಾಲೀಕರೂ ಅಷ್ಟೇ ಸೇರಿಸುತ್ತಾರೆ. ಸ್ವಂತ ಉದ್ಯೋಗದವರಿಗೆ ಕಡಿತ ಮಾಡುವವರೂ ಇಲ್ಲ, ಸೇರಿಸುವವರೂ ಇಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಉಳಿದದ್ದಕ್ಕೆ ಮಾಲು ತರುವವನು, ಬಾಡಿಗೆ ಕೇಳುವವನು, ಮಕ್ಕಳ ಫೀಸು ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ. 60ನೇ ವರ್ಷದ ನಾವು ಆ ಸಾಲಿನಲ್ಲಿ ಕಾಣಿಸುವುದೇ ಇಲ್ಲ.

“ಕೈಕಾಲ್ ಗಟ್ಟಿ ಇಪ್ಪಲ್ಲಿವರೆಗೂ ಅಂಗಡಿ ಇತ್ತಲೆ ಅಕ್ಕ” ಎಂದು ಟೈಲರ್ ಒಬ್ಬರು ಹೇಳಿದ್ದರು. ಈ ಮಾತನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ಟೈಲರ್ ಅಂಗಡಿಯ ಬಂಡವಾಳ ಎಂದರೆ ಟೈಲರನ ಕಣ್ಣು ಮತ್ತು ಕಾಲು. ಅವು ಸೋತ ದಿನ ಅಂಗಡಿಯಲ್ಲಿ ಉಳಿಯುವುದು ಹಳೆಯ ಮಿಷನ್ನು, ಕತ್ತರಿ, ಬಾಡಿಗೆ ಕರಾರು. ಮಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದರೆ ಅದನ್ನು ಮುಂದುವರಿಸುವವರೂ ಇಲ್ಲ. ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ಬಾಡಿಗೆ ಅಂಗಡಿಯವರ ಪಾಡೇನಾಯಿತು ಎಂಬುದನ್ನು ನಮ್ಮ ಊರುಗಳು ಕಂಡಿವೆ. ಅಂಗಡಿ ಇವತ್ತಿನ ಅನ್ನ. ಅದನ್ನೇ ನಾಳೆಯ ಪಿಂಚಣಿ ಎಂದು ಲೆಕ್ಕಕ್ಕೆ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಉಳಿತಾಯವೇ ಗೊತ್ತಿಲ್ಲದ ಜನ ಇವರಲ್ಲ. ಪಿಗ್ಮಿ ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಸೇರಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕಷ್ಟಕ್ಕೆ ಸಿಕ್ಕಿದ್ದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶಗಳಲ್ಲೊಂದು. 1928ರಲ್ಲಿ ಅದು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಹಣ ಪಡೆಯುವ ಪಿಗ್ಮಿ ಯೋಜನೆ ತಂದಿತು. ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಊರೂರಿಗೆ ಹಬ್ಬಿ ಸಹಕಾರಿ ಸಂಘಗಳ ಮೂಲಕ ಇಂದಿಗೂ ನಡೆಯುತ್ತಿದೆ. ದಿನದ ದುಡಿಮೆಯವರಿಗೆ ದಿನದ ಉಳಿತಾಯವೇ ಸರಿ ಎಂಬ ತಿಳಿವಳಿಕೆ ಅದರಲ್ಲಿದೆ. ಅದಕ್ಕಾಗಿ ಆ ಯೋಜನೆಯ ಮೇಲೆ ನನಗೆ ತುಂಬ ಗೌರವ.

ಆದರೆ ಪಿಗ್ಮಿ ಹಣ ಕೈಗೆ ಬಂದಾಗ ಏನಾಗುತ್ತದೆ? ಅವಧಿ ಮುಗಿದ ಮೊತ್ತದಲ್ಲಿ ಫ್ರಿಡ್ಜ್ ಬರುತ್ತದೆ, ದೀಪಾವಳಿಯ ಸ್ಟಾಕ್ ಬರುತ್ತದೆ, ಎಷ್ಟೋ ಸಲ ಅದರ ಮೇಲೆ ಮೊದಲೇ ತೆಗೆದ ಸಾಲಕ್ಕೆ ಜಮೆಯಾಗಿ ಹೋಗುತ್ತದೆ. ಇದರಲ್ಲಿ ತಪ್ಪೇನಿಲ್ಲ, ಅದು ಅಂಗಡಿಯ ಉಳಿತಾಯ. ಹಾಗಾಗಿ ನನ್ನ ಸಲಹೆ ಇಷ್ಟೇ: ಪಿಗ್ಮಿ ಕಟ್ಟುವುದನ್ನು ಬಿಡಬೇಡಿ, ಎರಡು ಪಿಗ್ಮಿ ಮಾಡಿ. ಒಂದು ಅಂಗಡಿಗೆ. ಇನ್ನೊಂದರ ಹಣ ಬಂದ ದಿನವೇ, ಅಂಗಡಿಯ ಕೈಗೆ ಎಟುಕದ ದೀರ್ಘಾವಧಿಯ ಖಾತೆಗೆ ಹೋಗಲಿ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ಜೀವಮಾನದ ದುಡಿಮೆಯನ್ನೆಲ್ಲ ಒಂದೇ ಸಂಘದಲ್ಲಿ ಇಡುವವರನ್ನು ಕಂಡಾಗ ನನಗೆ ಭಯವಾಗುತ್ತದೆ.

ದೀರ್ಘಾವಧಿಯ ಖಾತೆ ಯಾವುದು? ನಾನು ಮೊದಲು ಹೇಳುವುದು ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯನಿಧಿ. 1968ರಿಂದ ಇರುವ ಯೋಜನೆ, ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ ರೂಪಾಯಿ. ಆಸಾಡಿಯಲ್ಲಿ ಒಂದು ಪೈಸೆ ಕಟ್ಟದೆ ಮೇ ತಿಂಗಳ ಮದುವೆ ಸೀಸನ್ ಮುಗಿದ ಮೇಲೆ ಒಟ್ಟಿಗೆ ಕಟ್ಟಿದರೂ ದಂಡವಿಲ್ಲ. ಏರಿಳಿತದ ಆದಾಯದವರಿಗೆ ಇದು ದೊಡ್ಡ ಅನುಕೂಲ. ತಿಂಗಳ 5ನೇ ತಾರೀಕಿನೊಳಗೆ ಹಣ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ಇಳಿದ ಬಡ್ಡಿ ವರ್ಷಗಟ್ಟಲೆ ಅಲ್ಲೇ ನಿಂತಿದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಘೋಷಿಸುತ್ತದೆ, ಬಡ್ಡಿಗೆ ತೆರಿಗೆ ಇಲ್ಲ.

ವ್ಯಾಪಾರಿಗಳಿಗೆ ಪಿಪಿಎಫ್ ಬೇಕೆಂದು ನಾನು ಪಟ್ಟು ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಒಬ್ಬರೇ ಮಾಲೀಕರಾಗಿರುವ ಅಂಗಡಿಗೂ ಮಾಲೀಕರಿಗೂ ಕಾನೂನಿನ ಕಣ್ಣಲ್ಲಿ ಭೇದವಿಲ್ಲ. ಅಂಗಡಿಯ ಸಾಲ ತೀರದಿದ್ದರೆ ಅದು ಮನೆಯವರೆಗೂ ಬರುತ್ತದೆ. ಪಿಪಿಎಫ್ ಖಾತೆಯ ಹಣವನ್ನು ಮಾತ್ರ ಖಾತೆದಾರರ ಸಾಲಕ್ಕಾಗಿ ಕೋರ್ಟ್ ಆದೇಶದಿಂದಲೂ ಜಪ್ತಿ ಮಾಡುವಂತಿಲ್ಲ. ವ್ಯಾಪಾರ ಮುಳುಗಿದರೂ ಮುಳುಗದೆ ಉಳಿಯುವ ಒಂದು ಖಾತೆ ಮನೆಯಲ್ಲಿರಲಿ.

ದಿನಕ್ಕೆ 100 ರೂಪಾಯಿಯ ಲೆಕ್ಕ ನೋಡೋಣ. ವರ್ಷಕ್ಕೆ 36,500. ಅದನ್ನು ಪ್ರತಿ ಏಪ್ರಿಲ್ ಮೊದಲ ವಾರ ಪಿಪಿಎಫ್‌ಗೆ ಹಾಕುತ್ತ ಹೋದರೆ, ಬಡ್ಡಿ ಶೇ. 7.1ರಲ್ಲೇ ಇದ್ದರೆ, 15 ವರ್ಷಕ್ಕೆ ಸುಮಾರು 9.9 ಲಕ್ಷ ಆಗುತ್ತದೆ. ಅವಧಿ ಮುಗಿದ ಒಂದು ವರ್ಷದೊಳಗೆ ಅರ್ಜಿ ಕೊಟ್ಟು ಐದೈದು ವರ್ಷ ಎರಡು ಸಲ ಮುಂದುವರಿಸಿದರೆ 25ನೇ ವರ್ಷಕ್ಕೆ ಸುಮಾರು 25 ಲಕ್ಷ. ಕಟ್ಟಿದ್ದು 9 ಲಕ್ಷ ಚಿಲ್ಲರೆ, ಉಳಿದದ್ದೆಲ್ಲ ಬಡ್ಡಿ ಮತ್ತು ಬಡ್ಡಿಯ ಮೇಲಿನ ಬಡ್ಡಿ. 60 ದಾಟಿದ ಮೇಲೆ ಆ 25 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, ಶೇ. 8.2ರ ದರದಲ್ಲಿ ಮೂರು ತಿಂಗಳಿಗೆ 51,250 ರೂಪಾಯಿ ಬಡ್ಡಿ. ತಿಂಗಳಿಗೆ 17 ಸಾವಿರ ಬಂದಂತಾಯಿತು. ಈ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು.

ಕೇಳುವುದಕ್ಕೆ ಚೆನ್ನಾಗಿದೆ. ಆದರೆ ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ 25 ವರ್ಷದ ನಂತರದ ಆ 17 ಸಾವಿರಕ್ಕೆ ಇವತ್ತಿನ 4 ಸಾವಿರದ ಬೆಲೆಯಷ್ಟೇ. ಈ ಅಂಕಿ ತೋರಿಸಿದಾಗ ಎದುರು ಕೂತವರ ಮುಖ ಬಾಡುತ್ತದೆ, ತೋರಿಸದಿರಲು ನನ್ನಿಂದಾಗದು. ದಿನಕ್ಕೆ 100 ರೂಪಾಯಿ ಆರಂಭಕ್ಕೆ ಸಾಕು. ಹೊಲಿಗೆಯ ಕೂಲಿ ಏರಿಸಿದ ವರ್ಷ, ಊಟದ ದರ ಏರಿಸಿದ ವರ್ಷ ಈ ಮೊತ್ತವನ್ನೂ ಏರಿಸಲೇಬೇಕು.

ಬೆಲೆಯೇರಿಕೆಯನ್ನು ಮೀರಿ ಬೆಳೆಯಬೇಕಾದರೆ ಒಂದಿಷ್ಟು ಹಣ ಶೇರುಪೇಟೆಯಲ್ಲೂ ಇರಬೇಕು. ಎನ್‌ಪಿಎಸ್, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ನೆನಪಾಗುವುದು ಇಲ್ಲಿ. ಸರ್ಕಾರಿ ನೌಕರರಿಗೆಂದು 2004ರಲ್ಲಿ ಶುರುವಾದದ್ದು 2009ರ ಮೇ 1ರಿಂದ ಎಲ್ಲರಿಗೂ ತೆರೆಯಿತು. ವರ್ಷಕ್ಕೆ ಕನಿಷ್ಠ 1,000 ರೂಪಾಯಿ, ಮೇಲ್ಮಿತಿ ಇಲ್ಲ. ಶೇರು, ಸಾಲಪತ್ರ, ಸರ್ಕಾರಿ ಬಾಂಡುಗಳಲ್ಲಿ ಎಷ್ಟೆಷ್ಟು ಎಂಬುದನ್ನು ನಾವೇ ಆರಿಸಬಹುದು. ಲಾಭಕ್ಕೆ ಖಾತರಿಯಿಲ್ಲ. ನಡುವೆ ತೆಗೆಯುವುದಾದರೆ ಕಾಯಿಲೆ, ಮಕ್ಕಳ ಓದು, ಮದುವೆ, ಮನೆ ಎಂಬಂಥ ಕಾರಣಗಳಿಗೆ, ಅದೂ ನಾವು ಕಟ್ಟಿದ್ದರಲ್ಲಿ ಶೇ. 25 ಮಾತ್ರ. ಹೋಟೆಲಿನವರೊಬ್ಬರಿಗೆ ಇದು ಸಿಟ್ಟು ತರಿಸಿತ್ತು, “ನನ್ನ ದುಡ್ಡಿಗೆ ನಾನೇ ಅರ್ಜಿ ಹಾಕ್ಬೇಕಾ?” ಎಂದು. ಆದರೆ ಅಂಗಡಿಯ ಹಸಿವು ತಿಳಿದವರಿಗೆ ಈ ಬೀಗದ ಬೆಲೆ ತಿಳಿಯುತ್ತದೆ. ಕೊನೆಯಲ್ಲಿ ಒಂದು ಪಾಲನ್ನು ಕಡ್ಡಾಯವಾಗಿ ಪಿಂಚಣಿಗೆ ಹಾಕಬೇಕು. ಅದು ಮೊದಲು ಕನಿಷ್ಠ ಶೇ. 40 ಇತ್ತು, 2025ರ ಡಿಸೆಂಬರ್‌ನಲ್ಲಿ ಸರ್ಕಾರಿ ನೌಕರರಲ್ಲದವರಿಗೆ ಶೇ. 20ಕ್ಕೆ ಇಳಿಯಿತು. ಆ ಪಿಂಚಣಿ ಆದಾಯವೆಂದೇ ಪರಿಗಣನೆಯಾಗಿ ತೆರಿಗೆಗೆ ಒಳಪಡುತ್ತದೆ.

ಮಾರ್ಚ್ ತಿಂಗಳಲ್ಲಿ ‘ತೆರಿಗೆ ಉಳಿಸಿ’ ಎಂದು ಪಾಲಿಸಿ ಮಾರಲು ಬರುವವರ ಮಾತಿಗೆ ಈಗ ಹಿಂದಿನಷ್ಟು ಅರ್ಥವಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗಿನ ಮಾಮೂಲಿ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಪಿಪಿಎಫ್‌ಗೆ, ಸ್ವಂತವಾಗಿ ಕಟ್ಟಿದ ಎನ್‌ಪಿಎಸ್‌ಗೆ ಅಲ್ಲಿ ವಿನಾಯಿತಿಯೂ ಇಲ್ಲ, ಅದು ಸಿಗುವುದು ಹಳೆಯ ಪದ್ಧತಿಯಲ್ಲಿ. ಇದರಿಂದ ನನಗೊಂದು ಆತಂಕ ಹುಟ್ಟಿದೆ. ತೆರಿಗೆಯ ನೆಪದಲ್ಲಾದರೂ ವರ್ಷಕ್ಕೊಮ್ಮೆ ಪಿಪಿಎಫ್ ಕಟ್ಟುತ್ತಿದ್ದವರು ಈಗ ಅದನ್ನೂ ನಿಲ್ಲಿಸುತ್ತಿದ್ದಾರೆ. ವಿನಾಯಿತಿ ಹೋದರೆ ಮುಪ್ಪು ಹೋಗುತ್ತದೆಯೇ? ಉಳಿದ ತೆರಿಗೆಯ ಹಣವನ್ನೇ ಆ ಖಾತೆಗೆ ಹಾಕಿ ಎಂದು ಅವರಿಗೆ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಆದಾಯ ತೆರಿಗೆ ಕಟ್ಟದವರಿಗೆ, ವಯಸ್ಸು 40 ದಾಟದವರಿಗೆ ಅಟಲ್ ಪಿಂಚಣಿ ಯೋಜನೆ ಇದೆ. 18ನೇ ವಯಸ್ಸಿಗೆ ಸೇರಿದವರು ತಿಂಗಳಿಗೆ 210 ರೂಪಾಯಿ, 40ಕ್ಕೆ ಸೇರಿದವರು 1,454 ರೂಪಾಯಿ ಕಟ್ಟಿದರೆ 60ರ ನಂತರ ತಿಂಗಳಿಗೆ 5,000 ಖಚಿತ. ಖಾತೆದಾರರು ತೀರಿಕೊಂಡರೆ ಗಂಡನಿಗೋ ಹೆಂಡತಿಗೋ ಅದೇ ಪಿಂಚಣಿ ಮುಂದುವರಿಯುತ್ತದೆ. ಕಂತನ್ನು ಆರು ತಿಂಗಳಿಗೊಮ್ಮೆ ಕಟ್ಟುವ ಅವಕಾಶವೂ ಇರುವುದರಿಂದ ಮಳೆಗಾಲದ ಚಿಂತೆ ತಪ್ಪುತ್ತದೆ. ಬೆಲೆಯೇರಿಕೆಯ ಮಾತು ಇಲ್ಲಿಗೂ ಅನ್ವಯಿಸುತ್ತದೆ, ಇದೊಂದನ್ನೇ ನೆಚ್ಚಿ ಕೂರಬಾರದು. 2019ರ ಸೆಪ್ಟೆಂಬರ್‌ನಲ್ಲಿ ಬಂದ ಸಣ್ಣ ವ್ಯಾಪಾರಿಗಳ ಮಾನ್‌ಧನ್ ಯೋಜನೆ ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಮೀರದವರಿಗೆ. ನಾವು ಕಟ್ಟಿದಷ್ಟೇ ಸರ್ಕಾರವೂ ಕಟ್ಟುತ್ತದೆ, 60ರ ನಂತರ ತಿಂಗಳಿಗೆ 3,000 ರೂಪಾಯಿ.

ಇವೆಲ್ಲಕ್ಕೂ ಮೊದಲು ಆರೋಗ್ಯ ವಿಮೆ. ಒಂದು ಆಪರೇಷನ್ ಹದಿನೈದು ವರ್ಷದ ಪಿಪಿಎಫ್ ನುಂಗಿದ ಮನೆಗಳಿವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಕಂತು ದುಬಾರಿ ಎಂದು ಮುಂದೂಡುತ್ತಿದ್ದವರು ಈಗೊಮ್ಮೆ ವಿಚಾರಿಸಬಹುದು.

ಈಚೆಗೆ ಮೀನೂಟದ ಹೋಟೆಲ್ ನಡೆಸುವ ದಂಪತಿ ಬಂದಿದ್ದರು. ಮಸಾಲೆ ಅರೆಯುವುದರಿಂದ ಹಿಡಿದು ಲೆಕ್ಕ ಇಡುವವರೆಗೆ ಹೆಂಡತಿಯದೇ ಕೆಲಸ, ಆದರೆ ಲೈಸೆನ್ಸು, ಬ್ಯಾಂಕ್ ಖಾತೆ, ಪಾಲಿಸಿ ಎಲ್ಲ ಗಂಡನ ಹೆಸರಲ್ಲಿ. ನಮ್ಮ ಕಡೆಯ ಅಂಗಡಿಗಳಲ್ಲಿ ಇದೇ ರೂಢಿ, ನನಗೆ ಅತಿ ಹೆಚ್ಚು ನೋವು ಕೊಡುವ ರೂಢಿಯೂ ಇದೇ. ಪಿಪಿಎಫ್ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆ, ಆದ್ದರಿಂದ ಆಕೆಯ ಹೆಸರಲ್ಲಿ ಮೊದಲು ಖಾತೆ ತೆರೆಯೋಣ ಎಂದೆ. ಗಂಡ ಒಪ್ಪಿದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ನಮ್ಮಲ್ಲಿ ಬಡಿಸುವ ಹುಡುಗನಿಗೆ ಎಂತದಾದರೂ ಇತ್ತಾ ಅಕ್ಕ?” ಎಂದು ಕೇಳಿದರು. ಅವನಿಗೆ 29 ವರ್ಷ, ಸಂಬಳ 15 ಸಾವಿರದೊಳಗೆ. ಇಪ್ಪತ್ತು ಜನ ಕೆಲಸಗಾರರಿಲ್ಲದ ಹೋಟೆಲಾದ್ದರಿಂದ ಭವಿಷ್ಯನಿಧಿ ಕಡ್ಡಾಯವಲ್ಲ. ಕೆಲಸಗಾರರ ಪಿಂಚಣಿಗೆಂದು ಇರುವ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ಅವನ ವಯಸ್ಸಿಗೆ ತಿಂಗಳ ಕಂತು 100 ರೂಪಾಯಿ, ಸರ್ಕಾರದ್ದೂ 100. ಆಧಾರ್ ಮತ್ತು ಪಾಸ್‌ಬುಕ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಸಾಕು ಎಂದೆ. ಅವನ ಕಂತನ್ನು ಹೋಟೆಲಿನ ಖರ್ಚಿನಲ್ಲೇ ಬರೆಯಿರಿ ಎಂದು ಆಕೆ ಹೇಳಿದರು.