ಬಣ್ಣ ಬಿಡಿ, ಕರಬಳ್ಳಿ ಎಣಿಸಿ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಅಂಗಡಿಯಿಂದ ತರುವ ‘ಲೈವ್ ರಾಕ್’ ಬರೀ ಕಲ್ಲಲ್ಲ. ಅದರ ಸಂದುಗೊಂದುಗಳಲ್ಲಿ ಪಾಚಿ, ಹುಳು, ಸ್ಪಂಜು, ಹವಳದ ಮರಿಗಳೆಲ್ಲ ಅಡಗಿ ಬಂದಿರುತ್ತವೆ. ಎಷ್ಟೋ ತಿಂಗಳ ಮೇಲೆ ಕಲ್ಲಿನ ಮೂಲೆಯಲ್ಲಿ ಯಾರೂ ನೆಡದ ಕಂದು ಜೀವಿಯೊಂದು ಅರಳಿ ನಿಲ್ಲುತ್ತದೆ. ಇದು ಯಾವ ಹವಳ? ಹವಳವೇ ಹೌದೇ?

ಹೆಚ್ಚಿನವರು ಮೊದಲು ನೋಡುವುದು ಬಣ್ಣವನ್ನು. ನಂಬಬಾರದ ಸಾಕ್ಷಿ ಅದು. ಹವಳದ ಕಂದು ಬಹುಪಾಲು ಅದರ ಮೈಯೊಳಗೆ ಬಾಳುವ ಏಕಕೋಶ ಪಾಚಿಗಳದು. ಮಿರುಗುವ ಹಸಿರು ಪ್ರತಿದೀಪ್ತ ಪ್ರೋಟೀನುಗಳದು. ನೀಲಿ ಎಲ್‌ಇಡಿ ಕೆಳಗೆ ಝಗಝಗಿಸುವ ಹವಳ ಬಿಳಿ ಬೆಳಕಿಗೆ ಬಂದರೆ ಮಂಕು. ಆಕಾರವನ್ನೂ ಪೂರ್ತಿ ನೆಚ್ಚುವಂತಿಲ್ಲ. ನೀರಿನ ಸೆಳೆತ ಜೋರಿದ್ದಲ್ಲಿ ಗಿಡ್ಡ, ದಪ್ಪ ಕೊಂಬೆಗಳಾಗಿ ಬೆಳೆಯುವ ಜಾತಿಯೇ ಶಾಂತ ನೀರಿನಲ್ಲಿ ಸಪೂರವಾಗಿ ಹರಡಿಕೊಳ್ಳಬಲ್ಲದು.

ಭೂತಗನ್ನಡಿ ಹಿಡಿದು ಬಾಯಿಯ ಸುತ್ತಲಿನ ಕರಬಳ್ಳಿಗಳನ್ನು ಎಣಿಸುವುದೇ ಸರಿಯಾದ ಆರಂಭ. ಸರಿಯಾಗಿ ಎಂಟಿದ್ದು, ಪ್ರತಿಯೊಂದರ ಇಕ್ಕೆಲದಲ್ಲೂ ಹಕ್ಕಿಯ ಗರಿಯಂತೆ ಸಣ್ಣ ಕವಲುಗಳಿದ್ದರೆ ಅದು ಅಷ್ಟಹವಳಗಳ ಬಳಗ. ಜೀನಿಯಾ, ಸ್ಟಾರ್ ಪಾಲಿಪ್ ಇತ್ಯಾದಿ ಮೆತ್ತನೆಯ ಹವಳಗಳು ಇಲ್ಲಿಗೆ ಸೇರುತ್ತವೆ. ಕರಬಳ್ಳಿಗಳು ಹೆಚ್ಚಿದ್ದು ನಯವಾಗಿದ್ದರೆ ಬಹುತೇಕ ಇನ್ನೊಂದು ಬಳಗ. ಕಲ್ಲುಹವಳ, ಕಡಲಹೂವು, ಜೊವ್ಯಾಂಥಿಡ್ ಮೂರೂ ಅದರಲ್ಲಿವೆ. ಜೀವಿ ಮುದುಡಿದಾಗ ಅಡಿಯಲ್ಲಿ ಸುಣ್ಣದ ಬಟ್ಟಲು, ಅದರೊಳಗೆ ಕೇಂದ್ರದತ್ತ ಚಾಚಿದ ತೆಳು ಗೋಡೆಗಳು ಕಂಡರೆ ಕಲ್ಲುಹವಳ.

ಗೋಡೆಗಳಿಲ್ಲದಿದ್ದರೆ ಎಚ್ಚರ ಬೇಕು. ಒಂಟಿಯಾಗಿ ನಿಂತು, ಅರೆಪಾರದರ್ಶಕ ಚೂಪು ಕರಬಳ್ಳಿ ಬೀಸುತ್ತ, ನೆರಳು ಬಿದ್ದರೆ ಸರ್ರನೆ ಬಿಲ ಸೇರುವುದು ಐಪ್ಟೇಸಿಯಾ ಎಂಬ ಕಡಲಹೂವು ಇರಬಹುದು. ಕಿತ್ತರೆ ಉಳಿದ ಚೂರುಗಳಿಂದಲೇ ಮತ್ತೆ ಹುಟ್ಟುವ ಪೀಡೆ. ಬಿಲ್ಲೆಯಂಥ ಮುಖ, ಅಂಚಿನಲ್ಲಿ ಎರಡು ಸಾಲು ಗಿಡ್ಡ ಕರಬಳ್ಳಿ, ಒಂದರ ಪಕ್ಕ ಒಂದು ಗುಂಪಾಗಿ ಇದ್ದರೆ ಜೊವ್ಯಾಂಥಿಡ್. ಕಾಂಡದ ಚರ್ಮದಲ್ಲಿ ಮರಳಿನ ಕಣಗಳು ಹುದುಗಿದ್ದರೆ ಪಾಲಿಥೋವಾ ಎಂದು ಶಂಕಿಸಬೇಕು. 1971ರಲ್ಲಿ ಹವಾಯಿಯ ಪಾಲಿಥೋವಾದಿಂದ ಮೂರ್ ಮತ್ತು ಶ್ಯೂಯರ್ ಪ್ರತ್ಯೇಕಿಸಿದ ಪಾಲಿಟಾಕ್ಸಿನ್, ತಿಳಿದಿರುವ ಅತ್ಯುಗ್ರ ವಿಷಗಳಲ್ಲೊಂದು. ಜೀವಕೋಶದಲ್ಲಿ ಸೋಡಿಯಂ–ಪೊಟ್ಯಾಸಿಯಂ ಸಮತೋಲ ಕಾಯುವ ಪಂಪನ್ನು ಅದು ತೆರೆದ ಕಿಂಡಿಯಾಗಿಸಿಬಿಡುತ್ತದೆ. ಎಲ್ಲ ಪಾಲಿಥೋವಾಗಳಲ್ಲೂ ವಿಷ ಇರುವುದಿಲ್ಲ, ಆದರೆ ಕಣ್ಣಿನಿಂದ ನೋಡಿ ಹೇಳಲಾಗದು. ಬೇಡದ ಜೀವಿ ಸಾಯಲೆಂದು ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ, ಆ ಆವಿ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಗುರುತು ಸಿಗುವ ತನಕ ಬರಿಗೈಯಲ್ಲಿ ಮುಟ್ಟುವುದು, ಉಜ್ಜುವುದು, ಕುದಿಸುವುದು ಕೂಡದು.

ಜಾತಿಯ ಹೆಸರೇ ಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು. ಕಲ್ಲುಹವಳಗಳನ್ನು ವಿಜ್ಞಾನಿಗಳು ಬಹುಕಾಲ ಅಸ್ಥಿಪಂಜರ ನೋಡಿಯೇ ವಿಂಗಡಿಸಿದರು. 2004ರಲ್ಲಿ ಡಿಎನ್‌ಎ ಅಧ್ಯಯನವೊಂದು, ನೋಡಲು ಒಂದೇ ಬಗೆಯೆನ್ನಿಸುವ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಹವಳಗಳಲ್ಲಿ ಎಷ್ಟೋ ದೂರದ ಸಂಬಂಧಿಗಳೆಂದು ತೋರಿಸಿತು; ಕುಟುಂಬಗಳನ್ನೇ ಹೊಸದಾಗಿ ಬರೆಯಬೇಕಾಯಿತು. ಪ್ರಾಣಿಗಳ ಗುರುತಿಗೆ ಸಾಮಾನ್ಯವಾಗಿ ಬಳಸುವ ಮೈಟೊಕಾಂಡ್ರಿಯಾದ ವಂಶವಾಹಿ ಹವಳಗಳಲ್ಲಿ ಬಲು ನಿಧಾನವಾಗಿ ಬದಲಾಗುವುದರಿಂದ ಪ್ರಯೋಗಾಲಯಕ್ಕೂ ಕೆಲಸ ಸುಲಭವಲ್ಲ. ಮನೆಯ ಟ್ಯಾಂಕಿಗೆ ಕುಲದ ಹೆಸರು ಸಿಕ್ಕರೆ ಧಾರಾಳ ಸಾಕು.

ಭಾರತದಲ್ಲಿ ಕಾನೂನನ್ನೂ ಮರೆಯುವಂತಿಲ್ಲ. 2001ರಿಂದ ಎಲ್ಲ ಕಲ್ಲುಹವಳಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿ ನೋಡಿದ ಹವಳದ ಚೂರನ್ನು ಮನೆಗೆ ತರುವುದು ಅಪರಾಧ. ಫೋಟೊ ತೆಗೆಯಲು ಅಡ್ಡಿಯಿಲ್ಲ.

ಕುಲ ಗೊತ್ತಾದರೆ ಆರೈಕೆಯ ದಾರಿ ತೆರೆಯುತ್ತದೆ. ನೆರಳಿನ ಸಂದಿನಲ್ಲಿ ರಾತ್ರಿ ಮಾತ್ರ ಕಿತ್ತಳೆ ಬಣ್ಣದಲ್ಲಿ ಅರಳುವುದು ಟ್ಯೂಬಾಸ್ಟ್ರಿಯಾ ಎಂದಾದರೆ, ಅದಕ್ಕೆ ಪಾಚಿಯ ಊಟವಿಲ್ಲ. ಕತ್ತಲಾದ ಮೇಲೆ ಸೀಗಡಿ ಮರಿಗಳನ್ನು ನಾವೇ ತಿನ್ನಿಸಬೇಕು. ಗ್ಯಾಲಕ್ಸಿಯಾ ಎಂದಾದರೆ ನೆರೆಯ ಹವಳಗಳನ್ನು ಇನ್ನಷ್ಟು ದೂರ ಸರಿಸಬೇಕು, ಉದ್ದ ಕರಬಳ್ಳಿ ಚಾಚಿ ಅವನ್ನು ಕುಟುಕುವ ಅಭ್ಯಾಸ ಅದಕ್ಕಿದೆ.